ಲಾಲಿಬಾಯಿಯ ಕನ್ನಡಿ, ಖೇಮಪ್ಪನ ಮೀನು

ಗೋವಾದ ಸಾಂಕೋಲೆಯ ಗುಡ್ಡದ ಇಳಿಜಾರಿನಲ್ಲಿ ಚಿರೇಕಲ್ಲಿನ ಖೋಲಿಗಳ ಒಂದು ಸಾಲು. ಮೇಲೆ ಸಿಮೆಂಟ್ ಶೀಟು, ಮುಂದೆ ಒಂದೇ ನಳ, ಎಲ್ಲ ಬಾಗಿಲೂ ಒಂದೇ ನಮೂನೆ. ಹೊಸಬರಿಗೆ ಅಲ್ಲಿ ಯಾರ ಮನೆ ಯಾವುದೆಂದು ಹೇಳುವುದು ಕಷ್ಟ. ಆದರೆ ಫರಸಿ ಖೇಮಪ್ಪನ ಮನೆ ಕೇಳಿದರೆ ಜನ ತಟ್ಟನೆ ಹೇಳುತ್ತಿದ್ದರು: "ಯಾವ ಬಾಗಿಲ ಮುಂದ ನಿಂತರ ಕಾಲು ತೊಳಕೊಂಡು ಹೋಗೋಣು ಅನಸತೈತಿ, ಅದ ನೋಡ್ರಿ."

ಖೋಲಿ ಸಣ್ಣದು. ಅದರ ನೆಲಕ್ಕೆ ಖೇಮಪ್ಪ ಊರೆಲ್ಲರ ಮನೆಯಲ್ಲಿ ಉಳಿದ ಟೈಲ್ಸಿನ ತುಂಡು ತಂದು ಕೂಡಿಸಿದ್ದ. ಯಾರೋ ದೊಡ್ಡವರ ನಡುಮನೆಯ ಬಿಳಿ, ಯಾವುದೋ ಬಾತ್‌ರೂಮಿನ ಹಸಿರು, ಹೋಟೆಲಿನ ಕೆಂಪು. ಬಣ್ಣಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಸಂದುಗಳು ಮಾತ್ರ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ದಿನಾ ಸಂಜೆ ಕೆಲಸದಿಂದ ಬಂದವನೇ ಒದ್ದೆ ಅರಿವೆಯಿಂದ ಆ ಸಂದುಗಳನ್ನು ಒರೆಸಿ ಆಮೇಲೆ ಚಹಾ ಕುಡಿಯುತ್ತಿದ್ದ.

ವಿಜಾಪುರದ ಕಡೆಯ ಲಂಬಾಣಿ ತಾಂಡಾದವನು. ಗೋವಾಕ್ಕೆ ಬಂದಾಗ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದ. ರತ್ನಾಗಿರಿಯ ಒಬ್ಬ ಮಿಸ್ತ್ರಿಯ ಕೈಕೆಳಗೆ ಬೈಸಿಕೊಂಡು, ನೆಲಕ್ಕೆ ಟೈಲು ಕೂಡಿಸುವ ಫರಸಿ ಕೆಲಸ ಕಲಿತ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನೇ ಬೈಯುವ ಮಿಸ್ತ್ರಿಯಾಗಿದ್ದ. ಒಂದು ಟೈಲು ಕೂದಲೆಳೆಯಷ್ಟು ಎದ್ದಿದ್ದರೂ, ಅದನ್ನು ಕೂಡಿಸಿದವನ ಎದುರಿಗೇ ಸುತ್ತಿಗೆಯಿಂದ ಒಡೆದುಹಾಕುವನು. ಕಂತ್ರಾಟದಾರರು ಅವನನ್ನು ಕರೆಯಲಿಕ್ಕೂ ಹೆದರುತ್ತಿದ್ದರು, ಬಿಡಲಿಕ್ಕೂ ಹೆದರುತ್ತಿದ್ದರು.

ಸಿಟ್ಟಿನ ಮನುಷ್ಯನಿಗೆ ಜನರ ಮೇಲೆ ದ್ವೇಷ ಅಂತ ಎಲ್ಲರೂ ತಿಳಿದಿರುತ್ತಾರೆ. ಖೇಮಪ್ಪನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ವಸ್ತು ಹೇಗಿರಬೇಕೋ ಹಾಗಿಲ್ಲವಲ್ಲ ಅನ್ನುವುದು ಅವನಿಗೆ ಹಲ್ಲುನೋವಿನಂತೆ ಕಾಡುತ್ತಿತ್ತು, ಅಷ್ಟೇ. ಹಲ್ಲುನೋವಿನವನು ಮೆತ್ತಗೆ ಮಾತಾಡಲಿ ಅಂದರೆ ಆಗುವ ಮಾತೇ?

ಹೆಂಡತಿ ಲಾಲಿಬಾಯಿಯದು ಬೇರೆಯೇ ತರಹ. ಬೋಗಮಾಳೊ ಬೀಚಿನಲ್ಲಿ ಕನ್ನಡಿ ಕಸೂತಿಯ ಚೀಲ, ಪಟ್ಟಿ, ತೋರಣ ಮಾರುವವಳು. ಇಂಗ್ಲಿಷು, ಹಿಂದಿ, ಕೊಂಕಣಿ, ಜರ್ಮನರ ಮಾತು, ಎಲ್ಲದರಲ್ಲೂ ಚೌಕಾಸಿಗೆ ಬೇಕಾದಷ್ಟು ಗೊತ್ತು. ಮರಳು ಮೆತ್ತಿದ ಕಾಲಿನಲ್ಲೇ ಒಳಗೆ ಬರುವಳು. ಗಂಡ ಕೂಗಾಡುವನು. ಅವಳು ತಿರುಗಿ ಕೂಗುವಳು. ಮನೆಯಲ್ಲಿ ಅವರದು ಲಂಬಾಣಿ ಮಾತು. ಜಗಳಕ್ಕೆ ಮಾತ್ರ ಕನ್ನಡ, ಯಾಕೆಂದರೆ ಪಕ್ಕದ ಖೋಲಿಯ ಹನುಮವ್ವನಿಗೂ ತಿಳಿಯಬೇಕಲ್ಲ, ಆಕೆ ಬಂದು ನ್ಯಾಯ ಹೇಳಬೇಕಲ್ಲ. ಒಬ್ಬಳೇ ಮಗಳು ಮದುವೆಯಾಗಿ ಉಸಗಾಂವಕ್ಕೆ ಹೋದಮೇಲೆ ಆ ಜಗಳವೇ ಮನೆಯ ಸದ್ದು.

ತೊಂಬತ್ತೊಂದರ ಬೇಸಿಗೆಯ ಕೊನೆಗೆ ಆ ಸದ್ದು ನಿಂತಿತು. ಲಾಲಿಬಾಯಿ ಇಳಿಯುವ ಮೊದಲೇ ಬಸ್ಸು ಬಿಟ್ಟುಬಿಟ್ಟಿತು, ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಪ್ಲಾಸ್ಟರು ಹಾಕಿದರು, ಮಳೆಗಾಲದ ನಡುವೆ ಬಿಚ್ಚಿದರು. ಎಲುಬು ಕೂಡಿದೆ, ಕೋಲು ಹಿಡಿದು ನಡೆಸಿರಿ ಅಂದರು ಡಾಕ್ಟರು. ಅವಳು ಮಂಚ ಬಿಟ್ಟು ಏಳಲೊಲ್ಲಳು. ಬೇರೆ ವರ್ಷ ಮಳೆಗಾಲ ಬಂತೆಂದರೆ ಬೀಚು ಖಾಲಿ, ಸಾಲಿನ ಹೆಂಗಸರೆಲ್ಲ ಅವಳ ಖೋಲಿಯಲ್ಲಿ ಕೂಡಿ ಹೊಲಿಯುತ್ತಿದ್ದರು. ಈ ಸಲ ಹೊಲಿಗೆಯ ಟ್ರಂಕು ಮಂಚದ ಕೆಳಗೇ ಉಳಿಯಿತು.

ಒಂದು ದಿನ ಗೋಡೆಯ ಕಡೆ ಮುಖ ಮಾಡಿಕೊಂಡೇ ಅಂದಳು: "ದೀಪಾವಳಿಗೆ ನಮ್ಮಣ್ಣ ಗೋಪಪ್ಪ ಬರತಾನ. ಅವನ ಕೂಡ ತಾಂಡಾಕ ಹೋಗಿಬಿಡತೀನಿ."

"ಹಬ್ಬ ಮಾಡಿ ಬಾ. ಯಾರು ಬ್ಯಾಡ ಅಂದ್ರು?"

"ಬರಾಕ ಹೋಗೂದಲ್ಲ. ಇಲ್ಲಿ ನಂದೇನೈತಿ? ಫರಸಿ ನಿಂದು, ಗೋಡಿ ನಿಂದು. ನಾ ನೋಡೂದರ ಏನು?"

ಖೇಮಪ್ಪನಿಗೆ ಬಾಯಿಗೆ ಬಂದದ್ದು ಬೈಗುಳ. ಆದರೆ ಅವಳು ಅದನ್ನು ಲಂಬಾಣಿಯಲ್ಲಿ ಹೇಳಿದ್ದಳು. ಹನುಮವ್ವನಿಗೆ ಕೇಳಿಸಲಿಕ್ಕೆ ಹೇಳಿದ್ದಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ಆ ವಾರ ಅವನು ಗುಡ್ಡದ ಮೇಲಿನ ಆಫೀಸರರ ಕಾಲೊನಿಯಲ್ಲಿ ಧಾರವಾಡದ ಕಮಲಾಕರರ ಮನೆಯ ಮೋರಿ ರಿಪೇರಿ ಮಾಡುತ್ತಿದ್ದ. ಅವರಿಗೆ ಕಾರವಾರಕ್ಕೆ ಬದಲಿಯಾಗಿತ್ತು. ಸಾಮಾನೆಲ್ಲ ಗಂಟು ಕಟ್ಟಿದ್ದರು; ನಡುಮನೆಯ ಮೂಲೆಯಲ್ಲಿ ಕಬ್ಬಿಣದ ಪಟ್ಟಿಯ ಒಂದು ಗಾಜಿನ ಪೆಟ್ಟಿಗೆ ಮಾತ್ರ ಉಳಿದಿತ್ತು. ಒಳಗೆ ಬೆಣಚುಕಲ್ಲು, ಎರಡು ಮೂರು ಗಿಡ, ಕೆಂಪು ಗೋಲ್ಡ್ ಫಿಶ್ಶು. ಖೇಮಪ್ಪ ಕರಣಿ ಹಿಡಿದುಕೊಂಡೇ ಅದರ ಮುಂದೆ ನಿಂತ. ಗೋಡೆಗೆ ಇಟ್ಟರೆ ಗೋಡೆಯೇ ಅಲುಗಾಡಿದ ಹಾಗೆ ಕಾಣುವ ವಸ್ತು.

"ಬೇಕೇನಪಾ ಖೇಮಪ್ಪ?" ಅಂದರು ಮನೆಯ ಯಜಮಾನಿ ಸುಹಾಸಿನಿ. "ಲಾರಿಯೊಳಗ ಒಡದು ಹೋಗ್ತದ. ಯಾರರ ಸಾಕವರಿಗೆ ಕೊಡಬೇಕಂತ ಮಾಡಿದ್ದೆ."

"ಕೊಡ್ರಿ ಬಾಯಾರ. ಮನ್ಯಾಗ ಆಕಿ ಮಲಗ್ಯಾಳ್ರಿ. ನೋಡತಾಳ."

"ಹಂಗಾದ್ರ ಕೇಳು. ಭಾಳ ತಿಕ್ಕಬ್ಯಾಡ. ನೀರು ಪೂರಾ ತಗೀಬ್ಯಾಡ, ವಾರಕ್ಕೊಮ್ಮೆ ಒಂದೀಟು ತಗದು ಒಂದೀಟು ಹಾಕು. ನಳದ ನೀರು ಒಂದಿನ ಬಕೀಟಿನ್ಯಾಗ ಇಟ್ಟು, ವಾಸನಿ ಹೋದಮ್ಯಾಲ ಹಾಕು. ಕಲ್ಲಿನ ಸಂದ್ಯಾಗ ಇರೋ ಹೊಲಸು ಎಲ್ಲಾ ಹೊಲಸಲ್ಲ, ಅದರಿಂದನ ನೀರು ಚಲೋ ಇರ್ತದ."

"ಹೌದ್ರಿ, ಹೌದ್ರಿ" ಅಂದ ಖೇಮಪ್ಪ. ಕೇಳಿಸಿಕೊಂಡಿದ್ದ ಅನ್ನಲಾಗದು. ಅವನ ಕಣ್ಣು ನೀರಿನ ಅಂಚಿಗೆ ಗಾಜಿನ ಮೇಲೆ ಕಟ್ಟಿದ್ದ ಬಿಳಿ ಗೆರೆಯ ಮೇಲಿತ್ತು. ಇಷ್ಟು ಓದಿದವರು, ಇಷ್ಟು ಚಂದದ ಗಾಜಿಗೆ ಇಂಥ ಕಲೆ ಬಿಟ್ಟಿದ್ದಾರಲ್ಲ ಅಂತ ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ತಲೆಗೆ ಟವೆಲಿನ ಸಿಂಬಿ ಇಟ್ಟುಕೊಂಡು, ಟೈಲ್ಸಿನ ಪೆಟ್ಟಿಗೆ ಹೊರುವ ಹಾಗೆ ಅದನ್ನು ಹೊತ್ತು ಗುಡ್ಡ ಇಳಿದ. ಆಮೇಲೆ ಮತ್ತೆ ಹೋಗಿ ಮೀನನ್ನು ಕೊಡದಲ್ಲಿ ತಂದ. ಮಂಚದ ಎದುರಿನ ಗೋಡೆಗೆ ಕಲ್ಲಿನ ಕಟ್ಟೆ ಮಾಡಿ ಕೂಡಿಸಿದ.

ಲಾಲಿಬಾಯಿ ಮೊದಲು ಕಣ್ಣು ತಿರುಗಿಸಿದಳು, ಆಮೇಲೆ ತಲೆ, ಆಮೇಲೆ ಮೈ. ಸಂಜೆಯ ಹೊತ್ತಿಗೆ ದಿಂಬಿಗೆ ಒರಗಿ ಕೂತಿದ್ದಳು. ಹನುಮವ್ವ ನೋಡಲಿಕ್ಕೆ ಬಂದಳು.

"ಹನುಮಕ್ಕಾ, ಆ ದಪ್ಪಂದು ನೋಡು" ಅಂದಳು ಲಾಲಿಬಾಯಿ. "ಹಗಲೆಲ್ಲಾ ಬಾಯಿ ತಗೀತೈತಿ, ಮುಚ್ಚತೈತಿ. ಥೇಟ್ ನಿನ್ನಂಗ."

"ನನ್ನ ಮಾತಿಗೆ ದನಿ ಐತಿ, ತಂಗಿ."

"ಅದ ನೋಡು, ಮೀನ ಚಲೋ."

ಖೇಮಪ್ಪ ಹೊರಗೆ ಬೀಡಿ ಹಚ್ಚಿಕೊಂಡು ಕೂತಿದ್ದ. ಒಳಗಿಂದ ಆ ನಗು ಕೇಳಿ ಬೀಡಿ ಆರಿಹೋದದ್ದು ಗೊತ್ತಾಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಭಾನುವಾರ ಬಂತು, ಖೇಮಪ್ಪನ ಕೈ ಸುಮ್ಮನಿರಲಿಲ್ಲ. ನೀರೆಲ್ಲ ಚೆಲ್ಲಿದ. ಕಲ್ಲುಗಳನ್ನು ಹೊರಗೆ ಹರವಿ ಒಂದೊಂದನ್ನೂ ತೆಂಗಿನ ನಾರಿನಿಂದ ತಿಕ್ಕಿದ. ಗಾಜಿನ ಬಿಳಿ ಗೆರೆ ನಾರಿಗೆ ಹೋಗಲಿಲ್ಲ. ಹೊಸ ಫರಸಿಯ ಮೇಲಿನ ಸಿಮೆಂಟಿನ ಕಲೆ ತೆಗೆಯುವ ಆಸಿಡ್ ಅವನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದನ್ನು ಅರಿವೆಗೆ ಹಾಕಿ ಒರೆಸಿದ. ಗೆರೆ ಮಾಯ. ಮತ್ತೆ ಮತ್ತೆ ತೊಳೆದ, ಬ್ಲೀಚಿಂಗಿನ ವಾಸನೆ ಹೊಡೆಯುವ ಹೊಸ ನೀರು ನಳದಿಂದ ತುಂಬಿದ, ಮೀನು ಬಿಟ್ಟ. ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ಸ್ವಚ್ಛ. ಹನುಮವ್ವನನ್ನೂ ಕರೆದು ತೋರಿಸಿದ.

ಬೆಳಗ್ಗೆ ಮೀನೆಲ್ಲ ಮೇಲೆ ತೇಲುತ್ತಿದ್ದವು, ಹೊಟ್ಟೆ ಮೇಲಾಗಿ.

ಖೇಮಪ್ಪ ನೀರನ್ನು ಬೈದ, ನಳವನ್ನು ಬೈದ, ಪಂಚಾಯತಿಯನ್ನು ಬೈದ, ಕೊನೆಗೆ ಮೀನನ್ನೇ ಬೈದ. ಲಾಲಿಬಾಯಿ ಅವನ ಬೈಗುಳ ಮುಗಿಯಲಿ ಎಂದು ಕಾದಳು.

"ಅದು ಫರಸಿ ಅಲ್ಲೋ ಮಾರಾಯಾ. ಜೀವಾ" ಅಂದಳು. ಮತ್ತೆ ಗೋಡೆಗೆ ಮುಖ ಮಾಡಿದಳು.

ಎಷ್ಟೋ ದಿನ ಆ ಪೆಟ್ಟಿಗೆ ಖಾಲಿ ನೀರು ತುಂಬಿಕೊಂಡು ನಿಂತಿತ್ತು. ಖೇಮಪ್ಪ ಅದರ ಕಡೆ ನೋಡದೆ ಚಹಾ ಕುಡಿಯುವುದು ಕಲಿತ. ನವರಾತ್ರಿ ಹತ್ತಿರ ಬಂತು. ನವರಾತ್ರಿಯಾದರೆ ದೀಪಾವಳಿಗೆ ಏನು ದೂರ? ಒಂದು ಸಂಜೆ ಕೆಲಸದಿಂದ ನೆಟ್ಟಗೆ ವಾಸ್ಕೋಕ್ಕೆ ಹೋಗಿ, ಮೀನಿನ ಅಂಗಡಿಯಿಂದ ಬಾಟ್ಲಿಯಲ್ಲಿ ಒಂದೇ ಒಂದು ಮೀನು ತಂದ. ಫೈಟರ್ ಅಂತ ಹೆಸರು. ಮೈ ನೀಲಿ, ರೆಕ್ಕೆಯ ಅಂಚಿಗೆ ಕೆಂಪು, ಸೀರೆಯ ಸೆರಗಿನ ಹಾಗೆ ಇಳಿಬಿದ್ದ ಬಾಲ. ಒಂದೇ ಇಡು, ಇಂಥದೇ ಇನ್ನೊಂದು ಗಂಡು ಎದುರಿಗೆ ಬಂದರೆ ಎರಡೂ ಸಾಯುವ ತನಕ ಕಾದಾಡುತ್ತವೆ ಅಂತ ಅಂಗಡಿಯವನು ಹೇಳಿದ್ದ.

"ಇದಕ್ಕ ನಾ ಕೈ ಹಚ್ಚಂಗಿಲ್ಲ" ಅಂದ ಖೇಮಪ್ಪ, ಬಾಟ್ಲಿಯನ್ನು ಹೆಂಡತಿಯ ಮುಂದೆ ಹಿಡಿದು. "ತಿಕ್ಕಂಗಿಲ್ಲ, ತೊಳಿಯಂಗಿಲ್ಲ. ಆಣಿ."

ಆಣೆ ಅಂದರೆ ಅವನಿಗೆ ಆಣೆಯೇ. ನಡುವೆ ನಿಲ್ಲುವುದು ಅವನ ಸ್ವಭಾವದಲ್ಲೇ ಇರಲಿಲ್ಲ. ಒಂದು ತಂಬಿಗೆ ನೀರು ತೆಗೆಯಲಿಲ್ಲ, ಗಾಜಿಗೆ ಬೆರಳು ಹಚ್ಚಲಿಲ್ಲ. ಹನುಮವ್ವ ಬಂದಾಗೊಮ್ಮೆ ಚುರುಮುರಿ ಉದುರಿಸಿದಳು, ಅದು ಕೊಳೆಯಿತು. ಗಾಜಿಗೆ ಪಾಚಿ ಹತ್ತಿತು, ನೀರು ಹಸಿರಾಗಿ, ಕೆರೆಯ ದಂಡೆಯ ವಾಸನೆ ಬಂತು. ನೀಲಿ ಮೀನು ಎಲ್ಲಿದೆ ಎಂದು ಹುಡುಕಬೇಕು.

"ಖೇಮಣ್ಣಾ, ನೀ ಮೀನ ಸಾಕಾಕತ್ತಿಯೋ, ಪಾಚಿ ಬಿತ್ತಾಕತ್ತಿಯೋ?" ಅಂದಳು ಹನುಮವ್ವ.

"ಪಾಚಿ. ಬೆಳೀ ಬಂದಮ್ಯಾಲ ನಿಮ್ಮನಿಗೂ ಕೊಡತೀನಿ, ಪಲ್ಯಾ ಮಾಡು."

ಮಂಚದಿಂದ ಲಾಲಿಬಾಯಿ ಕೇಳಿದಳು: "ಆ ಬಾಯಾರು ಕೊಡಬೇಕಾದರ ಏನರ ಹೇಳಿದ್ರೇನು?"

ಖೇಮಪ್ಪ ನೆನೆಸಿಕೊಂಡ. ಮಾತುಗಳು ಕಿವಿಯ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದವು. ಒಂದೊಂದೇ ಹೊರಗೆ ಬಂದವು. ಪೂರಾ ತಗೀಬ್ಯಾಡ. ಒಂದೀಟು. ಬಕೀಟಿನ್ಯಾಗ ಒಂದಿನ.

"ಇಷ್ಟೆಲ್ಲಾ ಹೇಳ್ಯಾರ. ಆಗ ನೀ ಏನ್ ಮಾಡತಿದ್ದಿ?"

"ಗಾಜಿನ ಮ್ಯಾಲಿನ ಕಲಿ ನೋಡತಿದ್ದೆ" ಅಂದ ಅವನು. ಸುಳ್ಳು ಹೇಳುವ ಅಭ್ಯಾಸವಿಲ್ಲ.

ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಅವತ್ತಿನಿಂದ ಅವಳು ಮಂಚದ ಮೇಲೆ ಮಿಸ್ತ್ರಿ, ಅವನು ಕೆಳಗೆ ಕೂಲಿ. "ಒಂದು ತಂಬಿಗಿ ತಗಿ. ಸಾಕು. ಇನ್ನ ಮುಂದಿನ ಗಾಜು ಒರಸು. ಅರಿವಿ ಅಷ್ಟ, ನಾರ ಬ್ಯಾಡ. ಪಕ್ಕದ ಗಾಜು ಬಿಡು, ಅದಕ್ಕೂ ಒಂದು ಹಿತ್ತಲಾ ಬೇಕು. ಬಿಡು ಅಂದ್ನೆಲ್ಲ." ಖೇಮಪ್ಪನ ಬೆರಳು ತುರಿಸುತ್ತಿದ್ದವು. ಪಕ್ಕದ ಗಾಜಿನ ಪಾಚಿ ಅವನನ್ನು ನೋಡಿ ಅಣಕಿಸುವಂತಿತ್ತು. ಬಿಟ್ಟ. ಕೆಲವು ದಿನದಲ್ಲಿ ನೀರು ತಾನಾಗಿ ತಿಳಿಯಾಯಿತು. ಗಿಡಕ್ಕೆ ಹೊಸ ಎಲೆ ಬಂತು. ಮೀನು ಆ ಎಲೆಯ ಮೇಲೆ ಒರಗಿ ಮಲಗುವುದನ್ನು ಇಬ್ಬರೂ ನೋಡಿದರು.

ನೀರು ತಿಳಿಯಾದ ಮೇಲೆ ಹಿಂದಿನ ಗೋಡೆ ಕಾಣಿಸತೊಡಗಿತು. ಮಳೆಗಾಲದ ತೇವ ಹೀರಿ ಬೂಸಲು ಹಿಡಿದ ಗೋಡೆ. ಲಾಲಿಬಾಯಿಗೆ ಅದು ಕಣ್ಣಿಗೆ ಚುಚ್ಚಿತು. ಟ್ರಂಕು ಎಳೆಯಲು ಹೇಳಿದಳು. ಅಡಿಯಿಂದ ತನ್ನ ತಾಯಿಯ ಹಳೆಯ ಫೇಟಿಯಾ ತೆಗೆದಳು, ಮದುವೆಯಲ್ಲಿ ಉಡುವ ಕಸೂತಿಯ ಲಂಗ. ಅಂಚಿನ ತುಂಬ ರೂಪಾಯಿ ಅಗಲದ ಕನ್ನಡಿ ಬಿಲ್ಲೆಗಳು, ಸುತ್ತ ಕೆಂಪು ಹಳದಿ ದಾರ. ಅದನ್ನು ಪೆಟ್ಟಿಗೆಯ ಹಿಂದೆ ಇಳಿಬಿಡಿಸಿದಳು. ಮೇಲಿನ ಬಲ್ಬು ಹಚ್ಚಿದಾಗ ಖೋಲಿಯ ಮಾಡಿನ ತನಕ ಬೆಳಕಿನ ಚೂರುಗಳು ಹಾರಾಡಿದವು.

ಮೀನು ಕನ್ನಡಿಯ ಹತ್ತಿರ ಬಂತು. ನಿಂತಿತು. ಒಮ್ಮೆಲೇ ಕಿವಿರು ಅಗಲಿಸಿ, ರೆಕ್ಕೆ ಬಾಲ ಎಲ್ಲ ಬಿಚ್ಚಿ, ಇದ್ದದ್ದಕ್ಕಿಂತ ಇಮ್ಮಡಿಯಾಗಿ ನಿಂತಿತು. ಇಷ್ಟು ದಿನ ಮಡಿಸಿಟ್ಟಿದ್ದ ಬಣ್ಣವೆಲ್ಲ ಹೊರಗೆ. ಸಾಲಿನ ಹೆಂಗಸರೆಲ್ಲ ಬಂದರು.

"ಅಯ್ಯ, ನವಿಲ ಕುಣದಂಗ ಕುಣೀತೈತಿ" ಅಂದಳು ಹನುಮವ್ವ. "ಲಾಲಿಬಾಯಿ ಲಂಗಾ ನೋಡಿ ಹುಚ್ಚ ಹಿಡದೈತಿ ಅದಕ್ಕ."

ಲಾಲಿಬಾಯಿ ಎದ್ದು ಕೋಲು ಹಿಡಿದು ಎರಡು ಹೆಜ್ಜೆ ಬಂದು ಹತ್ತಿರದಿಂದ ನೋಡಿದಳು. ಖೇಮಪ್ಪ ಬಾಗಿಲ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ದಿನಾ ಅದೇ ಆಟ. ಖೇಮಪ್ಪ ಹಗಲು ಕೆಲಸಕ್ಕೆ ಹೋಗುವವನು, ಸಂಜೆ ಬಂದು ನೋಡಿದರೆ ಮೀನು ಕುಣಿಯುತ್ತಿರುವುದು. ಖುಷಿ. ಒಂದು ಭಾನುವಾರ ಮನೆಯಲ್ಲೇ ಇದ್ದ. ಬೆಳಗ್ಗೆಯಿಂದ ನೋಡಿದ. ಮೀನು ನಿಲ್ಲಿಸಲಿಲ್ಲ. ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಗಾಜಿಗೆ ಮೂತಿ ಹೊಡೆಯುತ್ತ. ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ. ಬಾಲದ ಅಂಚು ಹರಿದು ದಾರ ದಾರವಾಗಿತ್ತು. ನೀಲಿ ಮಾಸಿತ್ತು. ಅಂಗಡಿಯವನ ಮಾತು ಆಗ ನೆನಪಾಯಿತು. ಎದುರಿಗೆ ಇನ್ನೊಂದು ಗಂಡು.

ನೆನಪಾದದ್ದೇ ತಡ, ಸಿಟ್ಟು ನೆತ್ತಿಗೇರಿತು. "ಏನ್ ಚಂದ ಅಂತ ಇದನ್ನ ಕಟ್ಟೀದಿ? ಚಂದ ಚಂದ ಅಂತ ಕೊಲ್ಲಾಕತ್ತಿ ಅದನ್ನ" ಎಂದು ಕೂಗುತ್ತ ಲಂಗದ ಅಂಚಿಗೆ ಕೈ ಹಾಕಿದ. ಹಳೆಯ ಬಟ್ಟೆ. ಒಂದು ಜಗ್ಗಿದರೆ ಎರಡು ತುಂಡು.

ಲಾಲಿಬಾಯಿ ಕೂಗಲಿಲ್ಲ. "ಹರಿ" ಅಂದಳು, ಲಂಬಾಣಿಯಲ್ಲಿ. "ಟೈಲ್ ಒಡದಂಗ ಅದನ್ನೂ ಹರಿ. ಪಾಪ, ಆ ಮೀನಿಗೆ ಎದುರಿಗೆ ಯಾರೂ ಇಲ್ಲ ಅನ್ನೂದು ತಿಳಿಯಂಗಿಲ್ಲ. ನಿನಗೂ ತಿಳಿಯಂಗಿಲ್ಲೇನು?"

ಖೇಮಪ್ಪನ ಕೈ ಬಟ್ಟೆಯ ಮೇಲೆಯೇ ಉಳಿಯಿತು. ಗಾಜಿನ ಆಚೆ, ಬಿಲ್ಲೆ ಬಿಲ್ಲೆಯಲ್ಲೂ ಅವನ ಮೋರೆಯ ಒಂದೊಂದು ಚೂರಿತ್ತು. ಮೀಸೆ, ಅಗಲಿಸಿದ ಮೂಗು. ಅದರ ಮುಂದೆ ಮೀನು ಇನ್ನೂ ಕಾದಾಡುತ್ತಿತ್ತು. ಬೆರಳು ಒಂದೊಂದೇ ಸಡಿಲಿಸಿ, ಲಂಗವನ್ನು ಹರಿಯದಂತೆ ಮೆಲ್ಲಗೆ ಮೇಲೆತ್ತಿ ಮಡಿಸಿ ಮಂಚದ ಮೇಲಿಟ್ಟ. ಮೀನು ಸ್ವಲ್ಪ ಹೊತ್ತು ಹುಡುಕಿತು. ಆಮೇಲೆ ಎಲೆಯ ಮೇಲೆ ಹೋಗಿ ಬಿದ್ದುಕೊಂಡಿತು.

ಖೇಮಪ್ಪ ಲಂಗದ ಕಡೆ ಕೈ ಮಾಡಿ ಅಂದ: "ಅದನ್ನ ಟ್ರಂಕಿನ್ಯಾಗ ಇಡಲೇನು?"

"ಯಾಕ? ಮತ್ತ ಆ ಬೂಸಲ ಗ್ವಾಡಿ ನೋಡಕೋತ ಕುಂಡರಲೇನು? ದಿನಕ್ಕ ಒಂದೀಟು ಹೊತ್ತು ಕುಣಿದ್ರ ಅದೇನು ಸಾಯಂಗಿಲ್ಲ. ಹಗಲೆಲ್ಲಾ ಕುಣಿಸಿದ್ದು ತಪ್ಪು. ನಂದ ತಪ್ಪು." ಅವಳು ಲಂಗವನ್ನು ತೊಡೆಯ ಮೇಲೆ ಹರವಿ ನೋಡುತ್ತಿದ್ದಳು. "ಇದರ ಮುಂದ ಒಂದು ಪರದೆ ಬೇಕು. ಬೇಕಾದಾಗ ಸರಿಸಾಕ, ಬ್ಯಾಡಾದಾಗ ಮುಚ್ಚಾಕ. ಆ ಕರೀ ಅರಿವಿ ತಗಿ ಇಲ್ಲೆ. ಸೂಜಿ ಡಬ್ಬಿ ತಾ."

ಖೇಮಪ್ಪ ಸೂಜಿ ಡಬ್ಬಿ ತಂದ.

ಬರೀ ಅಂಚು ಮಡಿಸಿ ಹೊಲಿದು ಮುಗಿಸುತ್ತೇನೆ ಅಂದವಳು, ಅಂಚಿಗೆ ಒಂದು ಸಾಲು ಹಳದಿ ದಾರ ಹಾಕಿದಳು. ಹಳದಿ ಒಂದೇ ಇದ್ದರೆ ಬಿಕೋ ಅನ್ನುತ್ತದೆ ಅಂತ ಕೆಂಪು. ಆಮೇಲೆ ಕವಡೆ. ಕನ್ನಡಿ ಮಾತ್ರ ಇಲ್ಲ. ಸಾಲಿನ ಹೆಂಗಸರು ತಮ್ಮ ತಮ್ಮ ಹೊಲಿಗೆ ತಂದು ಮತ್ತೆ ಅವಳ ಸುತ್ತ ಕೂತರು. ಲಂಗವನ್ನು ಮತ್ತೆ ಪೆಟ್ಟಿಗೆಯ ಹಿಂದೆ ಇಳಿಬಿಟ್ಟು, ಅದರ ಮುಂದೆ ಅರ್ಧ ಹೊಲಿದ ಪರದೆಯನ್ನೇ ತಂತಿಗೆ ಪೋಣಿಸಿದ ಬಳೆಗಳಿಂದ ತೂಗುಹಾಕಿದ್ದರು. ಅವಳು ಕೋಲೂರಿಕೊಂಡು ಬಂದು ಕಟ್ಟೆಯ ಪಕ್ಕದಲ್ಲಿ ಕೂತು, ತೂಗಿದ ಬಟ್ಟೆಯ ಮೇಲೆಯೇ ಹೊಲಿಯುವಳು. ದೀಪ ಹಚ್ಚುವ ಹೊತ್ತಿಗೆ ಪರದೆ ಸರಿಸುವಳು. ಖೇಮಪ್ಪನ ಬೀಡಿ ಒಂದು ಮುಗಿಯುವ ತನಕ ಮೀನಿನ ಕುಣಿತ. ಬೀಡಿ ಮುಗಿಯಿತೋ, ಪರದೆ ಮುಚ್ಚಿತು. ಹರಿದ ಬಾಲ ಮೆಲ್ಲಗೆ ಬೆಳೆಯುತ್ತಿತ್ತು.

ದೀಪಾವಳಿಗೆ ಮುಂಚೆ ಗೋಪಪ್ಪ ಬಂದ. ತಂಗಿಯ ಟ್ರಂಕು ಎಲ್ಲಿ, ಎಷ್ಟು ಗಂಟು, ಲಗೂ ಏಳಬೇಕು ಅಂದ. ಭಾವನ ಕಡೆ ತಿರುಗಿ, "ನಿನ್ನ ಬಾಯಿಗೆ ಹೆದರಿ ಗ್ವಾಡಿ ಮ್ಯಾಲಿನ ಹಲ್ಲಿನೂ ಇರಂಗಿಲ್ಲಲ್ಲೋ ಈ ಮನ್ಯಾಗ. ಮೀನ ಹೆಂಗ ಐತಿ?" ಅಂದ.

"ಅದಕ್ಕ ಕಿವಿ ಇಲ್ಲಂತ" ಅಂದ ಖೇಮಪ್ಪ. ಟ್ರಂಕಿನ ಬಗ್ಗೆ ಏನೂ ಕೇಳಲಿಲ್ಲ. ಕೇಳಬಾರದು ಅಂತ ಹಲ್ಲು ಕಚ್ಚಿ ಕೂತಿದ್ದ.

ಲಾಲಿಬಾಯಿ ಒಂದು ಸಣ್ಣ ಚೀಲಕ್ಕೆ ಎರಡು ಸೀರೆ ತುಂಬಿದಳು. ಟ್ರಂಕು ಮಂಚದ ಕೆಳಗೇ ಇತ್ತು. ಪರದೆಯ ಕೊನೆಯ ಮೂಲೆ ಇನ್ನೂ ಉಳಿದಿತ್ತು. ದಾರ ಪೋಣಿಸಿದ ಸೂಜಿಯನ್ನು ಅಲ್ಲೇ ಚುಚ್ಚಿದಳು.

"ಇದು ಹಂಗ ಇರಲಿ. ತಗೀಬ್ಯಾಡ. ಬಂದು ಮುಗಸತೀನಿ" ಅಂದಳು ಗಂಡನಿಗೆ. ಆಮೇಲೆ ಕನ್ನಡದಲ್ಲಿ, ಗೋಡೆಯಾಚೆಗೂ ಕೇಳುವಂತೆ: "ಹನುಮಕ್ಕಾ, ಇವರು ಆಸಿಡ್ ಬಾಟ್ಲಿಗೆ ಕೈ ಹಚ್ಚಿದ್ರ ಉಸಗಾಂವಕ್ಕ ನನ್ನ ಮಗಳಿಗೆ ಹೇಳಿ ಕಳಸು."

"ನಾ ಕಾವಲ ಇರತೀನಿ, ನೀ ಹೋಗವ್ವಾ" ಅಂತು ಗೋಡೆ.

ಅವಳು ಹೋದಮೇಲೆ ಖೋಲಿ ದೊಡ್ಡದಾಯಿತು. ಖೇಮಪ್ಪ ಸಂಜೆ ಬಂದು ಫರಸಿಯ ಸಂದು ಒರೆಸುವನು. ಆಮೇಲೆ ಬಕೀಟಿನಲ್ಲಿ ನಿಂತ ನೀರು ಮೂಸಿ ನೋಡುವನು. ನೀರಿನ ಅಂಚಿಗೆ ಗಾಜಿನ ಮೇಲೆ ಮತ್ತೆ ಬಿಳಿ ಗೆರೆ ಕಟ್ಟುತ್ತಿತ್ತು. ಅದರ ಎದುರಿಗೆ ಕೂತು ಒಂದು ಸಲ ಉಗುರಿನಿಂದ ಕೆರೆಯಲು ಹೋದ. ಮೀನು ಬೆರಳಿನ ಹತ್ತಿರ ಬಂದು ನೋಡಿತು. ಕೈ ಹಿಂದೆ ತೆಗೆದುಕೊಂಡ. ಬೀಡಿ ಹಚ್ಚಿದ, ಪರದೆ ಸರಿಸಿದ. ಬೀಡಿ ಮುಗಿಯುವ ಮೊದಲೇ ಮುಚ್ಚಿದ.

ಮುಚ್ಚುವಾಗ ಸೂಜಿಯ ಮೇಲೆ ಕಣ್ಣು ಬಿತ್ತು. ಸಮುದ್ರದ ಗಾಳಿ, ನೀರಿನ ತೇವ. ಸೂಜಿಗೆ ಚುಕ್ಕೆಯಷ್ಟು ತುಕ್ಕು ಹತ್ತಿತ್ತು. ತಗೀಬ್ಯಾಡ ಅಂದಿದ್ದಾಳೆ. ಬಿಟ್ಟರೆ ತುಕ್ಕು ಬಟ್ಟೆಗೂ ಹತ್ತುತ್ತದೆ. ಅಲ್ಲೇ ಕೂತು ಬಹಳ ಯೋಚನೆ ಮಾಡಿದ. ತೆಂಗಿನೆಣ್ಣೆ ಬೆರಳಿಗೆ ಹಚ್ಚಿಕೊಂಡು, ಸೂಜಿ ತೆಗೆದು, ಒರೆಸಿ, ದಾರ ಜಾರದಂತೆ ಅದೇ ತೂತಿಗೆ ಮತ್ತೆ ಚುಚ್ಚಿದ. ಮರುದಿನವೂ. ಅದರ ಮರುದಿನವೂ.

ಹಬ್ಬ ಮುಗಿದು ಬೀಚಿಗೆ ಜನ ಬರುವ ಹೊತ್ತಿಗೆ ಲಾಲಿಬಾಯಿ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಮೊದಲು ಪೆಟ್ಟಿಗೆ ನೋಡಿದಳು. ಬಿಳಿ ಗೆರೆ ಇತ್ತು, ಪಕ್ಕದ ಗಾಜಿಗೆ ಪಾಚಿ ಇತ್ತು, ಮೀನು ಇತ್ತು.

"ಇದನ್ನ ಒರಸಿಲ್ಲಲ್ಲ" ಅಂದಳು ಗೆರೆ ತೋರಿಸಿ.

"ಒರಸಂಗಿಲ್ಲ. ಕಾಲು ತೊಳಕೊಂಡು ಒಳಗ ಬಾ."

ಅವಳು ಕಾಲು ತೊಳೆಯಲಿಲ್ಲ. ಕೆಂಪು ಮಣ್ಣಿನ ಹೆಜ್ಜೆ ಬಿಳಿ ಟೈಲಿನಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ಮೂಡಿಸುತ್ತ ಹೋಗಿ ಕಟ್ಟೆಯ ಪಕ್ಕದಲ್ಲಿ ಕೂತಳು. ಸೂಜಿ ಎಳೆದಳು. ಬೆರಳಿಗೆ ಎಣ್ಣೆ ಹತ್ತಿತು. ಬೆರಳು ಮೂಸಿ ನೋಡಿದಳು, ಗಂಡನನ್ನು ನೋಡಿದಳು. ಅವನು ಹೆಜ್ಜೆಯ ಗುರುತುಗಳನ್ನು ನೋಡುತ್ತ ನಿಂತಿದ್ದ, ಅರಿವೆ ಕೈಯಲ್ಲೇ ಇತ್ತು.

ಲಾಲಿಬಾಯಿ ಉಳಿದ ಮೂಲೆಯನ್ನು ಹೊಲಿಯತೊಡಗಿದಳು. ಖೇಮಪ್ಪ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಚಹಾಕ್ಕಿಟ್ಟ.